ಉಗ್ರಾದಿತ್ಯಾಚಾರ್ಯ: ವೃಷ್ಯ ಚಿಕಿತ್ಸೆಯನ್ನು ಬರೆದ ಮುನಿಯ ಜೀವನ

1

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ತಾಲೂಕಿನ ಚಿಮ್ಮಡ, ಅದರ ನೆರೆಯ ತೇರದಾಳ, ಆಚೆಗೆ ಜಮಖಂಡಿ, ಮುಧೋಳ, ಬೀಳಗಿ ಇವು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನ ಊರುಗಳು. ಉತ್ತರ ಕರ್ನಾಟಕದ ಸಂತೆ ಜಾತ್ರೆಗಳಲ್ಲಿ ನೆಲದ ಮೇಲೆ ಬಟ್ಟೆ ಹಾಸಿ ಬೇರು, ತೊಗಟೆ, ಬೀಜಗಳನ್ನು ಗುಡ್ಡೆ ಹಾಕಿಕೊಂಡು ಕೂಡುವ ಗಾವಟಿ ಔಷಧದವರನ್ನು ಈ ಸೀಮೆಯವರೆಲ್ಲ ಬಲ್ಲರು. ಕೆಮ್ಮು, ಕೀಲುನೋವುಗಳ ಔಷಧವನ್ನು ಅವರು ಕೂಗಿ ಮಾರುತ್ತಾರೆ. ಗಂಡಸರ ಔಷಧವನ್ನು ಮಾತ್ರ ಪಿಸುಮಾತಿನಲ್ಲಿ ಕೇಳಲಾಗುತ್ತದೆ, ಕಾಗದದಲ್ಲಿ ಸುತ್ತಿ ಕೊಡಲಾಗುತ್ತದೆ. ನೆಗ್ಗಿನಮುಳ್ಳು, ಅಶ್ವಗಂಧ, ನಸುಗುನ್ನಿ ಬೀಜ, ಶತಾವರಿ ಬೇರುಗಳು ಹೀಗೆ ಕೈಯಿಂದ ಕೈಗೆ ದಾಟುವ ಹೊತ್ತಿನಲ್ಲಿ ರೋಗಿಗೆ ಏನಾಗಿದೆ, ಏಕೆ ಆಗಿದೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ನಾಚಿಕೆಯು ರೋಗವನ್ನು ಮುಚ್ಚುತ್ತದೆ. ಮುಚ್ಚಿದ ರೋಗದ ಮೇಲೆ ವ್ಯಾಪಾರ ಬೆಳೆಯುತ್ತದೆ.

ಇದೇ ಸೀಮೆಯ ತೇರದಾಳದಲ್ಲಿ 1123ರ ಸುಮಾರಿಗೆ ಮಂಡಲಿಕ ಗೊಂಕನು ನೇಮಿನಾಥ ಬಸದಿಯನ್ನು ಕಟ್ಟಿಸಿದನು. ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರ ಹೆಸರು ಆ ಬಸದಿಯ ಶಾಸನದೊಡನೆ ಬೆಸೆದುಕೊಂಡಿದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ಬಗೆಯ ದಾನಗಳನ್ನು ಕರ್ನಾಟಕದ ಜೈನ ಶಾಸನಗಳು ಮತ್ತೆ ಮತ್ತೆ ಹೊಗಳುತ್ತವೆ. ಔಷಧವು ಸರಕಲ್ಲ, ದಾನ ಎಂಬ ಈ ತಿಳುವಳಿಕೆಯೊಳಗೆ ಗಂಡಸರ ಈ ಪಿಸುಮಾತಿನ ಕಾಯಿಲೆಗೆ ಸ್ಥಾನವಿತ್ತೇ? ಇತ್ತು ಎಂಬುದಕ್ಕೆ ದೊಡ್ಡ ಸಾಕ್ಷಿ ತೇರದಾಳದ ಬಸದಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನದು. ಅದು ರಾಷ್ಟ್ರಕೂಟ ನೃಪತುಂಗನ ಸಭೆಯನ್ನು ಕಂಡ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ. ಕನ್ನಡ ವೈದ್ಯ ಸಾಹಿತ್ಯವನ್ನು ಕುರಿತ ಬರಹಗಳಲ್ಲಿ ಈ ಆಚಾರ್ಯರ ಹೆಸರು ಹಿನ್ನೆಲೆಯಾಗಿ ಬಂದು ಹೋಗುವುದೇ ಹೆಚ್ಚು. ಬ್ರಹ್ಮಚರ್ಯದ ಮಹಾವ್ರತವನ್ನು ತೊಟ್ಟ ಮುನಿಯೊಬ್ಬರು ಪುರುಷತ್ವಹಾನಿಯ ಚಿಕಿತ್ಸೆಯನ್ನು ಏಕೆ ಬರೆದರು, ಹೇಗೆ ಬರೆದರು ಎಂಬ ಪ್ರಶ್ನೆಯ ಮೂಲಕ ಅವರ ಜೀವನವನ್ನು ನೋಡುವುದು ಈ ಲೇಖನದ ಉದ್ದೇಶ.

2

ಉಗ್ರಾದಿತ್ಯರ ಜೀವನಕ್ಕೆ ಮುಖ್ಯ ಆಧಾರ ಅವರ ಗ್ರಂಥವೇ. ಅವರ ಗುರುಗಳು ಶ್ರೀನಂದಿ ಆಚಾರ್ಯರು. ಈ ಗುರುಗಳು ವಿಷ್ಣುರಾಜನೆಂಬ ಅರಸನಿಂದ ಗೌರವ ಪಡೆದವರು. ಲಲಿತಕೀರ್ತಿ ಆಚಾರ್ಯರು ಉಗ್ರಾದಿತ್ಯರ ಸಹಧರ್ಮಿಗಳು. ಗ್ರಂಥರಚನೆಯಾದದ್ದು ರಾಮಗಿರಿಯಲ್ಲಿ. ಆ ಬೆಟ್ಟದಲ್ಲಿ ಜಿನಾಲಯಗಳಿದ್ದವು, ಮುನಿಗಳು ನೆಲಸಿದ್ದರು. ಗುರುವಿನ ಬಳಿ ಕಲಿತ ಶಾಸ್ತ್ರವನ್ನು ಅಲ್ಲಿ ಕುಳಿತು ಜೀವಿಗಳ ಹಿತಕ್ಕಾಗಿ ಬರೆದುದಾಗಿ ಆಚಾರ್ಯರು ಹೇಳಿಕೊಂಡಿದ್ದಾರೆ.

ಈ ರಾಮಗಿರಿ ಯಾವುದು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ನಾಗಪುರದ ಹತ್ತಿರದ ರಾಮಟೇಕ ಎಂಬುದು ಒಂದು. ಆಂಧ್ರದ ವಿಜಯನಗರಂ ಬಳಿಯ ರಾಮತೀರ್ಥ ಎಂಬುದು ಇನ್ನೊಂದು. ಗ್ರಂಥವು ಈ ಬೆಟ್ಟವನ್ನು ವೆಂಗಿ, ತ್ರಿಕಳಿಂಗಗಳ ಕಡೆಗೆ ಸೇರಿಸಿ ಹೇಳುವುದರಿಂದ ಎರಡನೆಯ ಅಭಿಪ್ರಾಯವೇ ಹೆಚ್ಚು ಒಪ್ಪುವಂಥದು. ಆಗ ವಿಷ್ಣುರಾಜನನ್ನು ವೆಂಗಿಯ ಪೂರ್ವ ಚಾಲುಕ್ಯರ ವಿಷ್ಣುವರ್ಧನರಲ್ಲೊಬ್ಬನೆಂದು ತಿಳಿಯಲು ದಾರಿಯಾಗುತ್ತದೆ. ರಾಮತೀರ್ಥದ ಗುಹೆಯಲ್ಲಿ ಹನ್ನೊಂದನೆಯ ಶತಮಾನದ ಆರಂಭದ, ಪೂರ್ವ ಚಾಲುಕ್ಯ ವಿಮಲಾದಿತ್ಯನ ಕಾಲದ ಕನ್ನಡ ಶಾಸನವಿದ್ದು, ತ್ರಿಕಾಲಯೋಗಿ ಸಿದ್ಧಾಂತದೇವರೆಂಬ ಜೈನ ಗುರುಗಳು ಆ ಬೆಟ್ಟಕ್ಕೆ ವಂದಿಸಿದುದನ್ನು ಅದು ದಾಖಲಿಸುತ್ತದೆ. ಕನ್ನಡ ಬಲ್ಲ ಜೈನ ಯತಿಗಳಿಗೆ ಆ ಬೆಟ್ಟದೊಡನೆ ನಂಟು ಇದ್ದಿತೆಂಬುದಕ್ಕೆ ಇಷ್ಟು ಸಾಕು.

ಉಗ್ರಾದಿತ್ಯರ ಕಾಲನಿರ್ಣಯಕ್ಕೆ ನೃಪತುಂಗನ ಹೆಸರು ಆಧಾರ. ಅಮೋಘವರ್ಷ ನೃಪತುಂಗನು 814ರಿಂದ ಸುಮಾರು 878ರವರೆಗೆ ಆಳಿದನು. ರಾಷ್ಟ್ರಕೂಟರಿಗೂ ವೆಂಗಿಯ ಚಾಲುಕ್ಯರಿಗೂ ತಲೆಮಾರುಗಳ ಕಾಲ ಹಗೆಯಿತ್ತು. ವೆಂಗಿಯ ಅರಸನ ಆದರಕ್ಕೆ ಪಾತ್ರರಾದ ಗುರುವಿನ ಶಿಷ್ಯರು ಮಾನ್ಯಖೇಟದ ಸಭೆಯಲ್ಲಿ ನಿಂತು ಮಾತನಾಡಿದರೆಂದರೆ, ಯುದ್ಧದ ಗಡಿಗಳು ಯತಿಗಳ ಹಾದಿಯನ್ನೂ ವಿದ್ಯೆಯ ಹಾದಿಯನ್ನೂ ತಡೆಯಲಿಲ್ಲವೆಂದು ತಿಳಿಯಬೇಕು.

3

ಉಗ್ರಾದಿತ್ಯರು ತಮ್ಮ ಶಾಸ್ತ್ರವನ್ನು ಸ್ವಂತದ್ದೆಂದು ಹೇಳಿಕೊಳ್ಳುವುದಿಲ್ಲ. ಭರತ ಚಕ್ರವರ್ತಿಯೇ ಮೊದಲಾದವರು ವೃಷಭ ತೀರ್ಥಂಕರನ ಬಳಿಗೆ ಹೋಗಿ ಮನುಷ್ಯರ ರೋಗಗಳಿಗೆ ಪರಿಹಾರ ಕೇಳಿದುದರಿಂದ ಅವರ ಗ್ರಂಥ ತೊಡಗುತ್ತದೆ. ದೃಷ್ಟಿವಾದದ ಪೂರ್ವಗಳಲ್ಲಿ ಒಂದಾದ ಪ್ರಾಣಾವಾಯವೇ ಜೈನ ಆಯುರ್ವೇದಕ್ಕೆ ಮೂಲವೆಂಬುದು ಈ ಪರಂಪರೆಯ ನಂಬಿಕೆ. ಅಲ್ಲಿಂದ ಮುಂದೆ ಉಗ್ರಾದಿತ್ಯರು ತಮಗಿಂತ ಹಿಂದಿನ ಆಚಾರ್ಯರನ್ನು ಅಂಗ ಅಂಗವಾಗಿ ನೆನೆಯುತ್ತಾರೆ. ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯತಂತ್ರಕ್ಕೆ ಪಾತ್ರಸ್ವಾಮಿಗಳು, ವಿಷ ಮತ್ತು ಗ್ರಹಶಮನಕ್ಕೆ ಸಿದ್ಧಸೇನರು, ಕಾಯಚಿಕಿತ್ಸೆಗೆ ದಶರಥ ಗುರುಗಳು, ಶಿಶುವೈದ್ಯಕ್ಕೆ ಮೇಘನಾದರು, ರಸಾಯನ ಮತ್ತು ವೃಷ್ಯಕ್ಕೆ ಸಿಂಹನಾದ ಮುನೀಂದ್ರರು. ಅಷ್ಟಾಂಗಗಳನ್ನೂ ವಿಸ್ತಾರವಾಗಿ ಹೇಳಿದವರು ಸಮಂತಭದ್ರರು. ತಾವು ಅದನ್ನು ಸಂಕ್ಷೇಪಿಸಿದವರು ಎಂದು ಉಗ್ರಾದಿತ್ಯರ ನಿಲುವು.

ಈ ಪಟ್ಟಿಯನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಲುಪ್ತ ಗ್ರಂಥಗಳ ಸೂಚನೆಗಾಗಿ ಬಳಸಿಕೊಂಡಿವೆ. ಅದರ ಕೊನೆಯ ಹೆಸರು ಇನ್ನೊಂದು ಕಾರಣಕ್ಕೂ ಗಮನಾರ್ಹವಾದುದು. ವೃಷ್ಯವೆಂದರೆ ಪುರುಷನ ವೀರ್ಯಬಲವನ್ನು ಹೆಚ್ಚಿಸುವ, ಮೈಥುನಶಕ್ತಿಯನ್ನು ಮರಳಿ ಕೊಡುವ ಚಿಕಿತ್ಸೆ. ಇದನ್ನೇ ವಾಜೀಕರಣವೆಂದೂ ಕರೆಯುತ್ತಾರೆ. ಇದನ್ನು ಬರೆದವರನ್ನು ಉಗ್ರಾದಿತ್ಯರು ಮುನೀಂದ್ರರೆಂಬ ಬಿರುದಿನಿಂದಲೇ ಕರೆಯುತ್ತಾರೆ. ಅಂದರೆ ಒಂಬತ್ತನೆಯ ಶತಮಾನದ ಹೊತ್ತಿಗೆ ಈ ವಿಷಯವು ಜೈನ ಯತಿಗಳಿಗೆ ಮೈಲಿಗೆಯದಾಗಿರಲಿಲ್ಲ. ಕಣ್ಣಿನ ರೋಗ, ಮಕ್ಕಳ ರೋಗಗಳ ಸಾಲಿನಲ್ಲೇ ಅದೂ ನಿಂತಿತ್ತು.

4

ಉಗ್ರಾದಿತ್ಯರ ಮುಂದೆ ಇದ್ದ ಪರಂಪರೆ ಎಂಥದು ಎಂಬುದನ್ನು ಇಲ್ಲಿ ನೆನೆಯಬೇಕು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ರಸಾಯನದ ಬೆನ್ನಿಗೆ ಎರಡನೆಯ ಅಧ್ಯಾಯವಾಗಿ ವಾಜೀಕರಣವು ನಾಲ್ಕು ಪಾದಗಳಲ್ಲಿ ಬರುತ್ತದೆ. ಹಾಲು, ತುಪ್ಪ, ಉದ್ದು, ಕಬ್ಬು, ಶತಾವರಿಗಳ ಜೊತೆಗೆ ಹಕ್ಕಿಗಳ ಮಾಂಸ, ಮೊಟ್ಟೆ, ಮೀನುಗಳೂ ಅಲ್ಲಿ ಔಷಧಗಳೇ. ಸುಶ್ರುತಸಂಹಿತೆಯು ಆಡಿನ ವೃಷಣವನ್ನು ಹಾಲಿನಲ್ಲಿ ಬೇಯಿಸುವ ಯೋಗವನ್ನು ಹೇಳುತ್ತದೆ. ರೋಗದ ಕಾರಣಗಳ ವಿಷಯದಲ್ಲಿ ಈ ಎರಡೂ ಸಂಹಿತೆಗಳು ಸೂಕ್ಷ್ಮವಾಗಿವೆ. ಚರಕವು ಕ್ಲೈಬ್ಯವನ್ನು ಬೀಜದ ಹಾನಿ, ಅಂಗದ ರೋಗ, ಮುಪ್ಪು, ಶುಕ್ರಕ್ಷಯ ಎಂಬ ನಾಲ್ಕು ಮೂಲಗಳಿಂದ ವಿವರಿಸುತ್ತದೆ. ಸುಶ್ರುತವು ಆರು ಬಗೆಗಳನ್ನು ಹೇಳಿ ಮನಸ್ಸಿನ ಕಾರಣಕ್ಕೂ, ಹುಟ್ಟಿನಿಂದ ಬಂದುದಕ್ಕೂ, ಮರ್ಮಕ್ಕೆ ಬಿದ್ದ ಪೆಟ್ಟಿಗೂ ಬೇರೆ ಬೇರೆ ಸ್ಥಾನ ಕೊಡುತ್ತದೆ. ಎಲ್ಲವೂ ಒಂದೇ ರೋಗವಲ್ಲ, ಎಲ್ಲವೂ ಗುಣವಾಗುವವೂ ಅಲ್ಲ ಎಂಬ ಅರಿವು ಅಲ್ಲಿದೆ.

ಜೈನ ಮುನಿಗೆ ಇಲ್ಲಿ ಎರಡು ತೊಡಕುಗಳಿದ್ದವು. ಮೊದಲನೆಯದು ಅಹಿಂಸೆಯದು. ಮಾಂಸ, ಮೊಟ್ಟೆ, ವೃಷಣಗಳಿಂದಾದ ಯೋಗಗಳನ್ನು ಅವರು ಬರೆಯುವಂತಿರಲಿಲ್ಲ. ಎರಡನೆಯದು ಬ್ರಹ್ಮಚರ್ಯದ್ದು. ಶ್ರಾವಕನಿಗೆ ವಿಧಿಸಿದ ಅಣುವ್ರತ ಸ್ವದಾರಸಂತೋಷ. ಕಾಮದ ಅತಿಯಾದ ಆಸಕ್ತಿಯನ್ನು ತತ್ತ್ವಾರ್ಥಸೂತ್ರವು ಆ ವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ. ಕಾಮವನ್ನು ಕೆರಳಿಸುವ ಮದ್ದನ್ನು ಹೇಳಿಕೊಟ್ಟರೆ ಗುರುವೇ ಶಿಷ್ಯನನ್ನು ಅತಿಚಾರಕ್ಕೆ ನೂಕಿದಂತಾಗುತ್ತದೆ. ಈ ಅಂಗವನ್ನೇ ಕೈಬಿಟ್ಟು ಏಳು ಅಂಗಗಳ ವೈದ್ಯವನ್ನು ಬರೆಯುವುದು ಸುಲಭದ ದಾರಿಯಾಗಿತ್ತು. ಉಗ್ರಾದಿತ್ಯರು ಆ ದಾರಿ ಹಿಡಿಯಲಿಲ್ಲ.

ಅವರು ಮಾಡಿದ್ದು ಬೇರೆ. ಕಲ್ಯಾಣಕಾರಕದಲ್ಲಿ ವೃಷ್ಯಾಧಿಕಾರವು ದಿನಚರ್ಯೆ, ರಾತ್ರಿಚರ್ಯೆಗಳನ್ನು ಹೇಳುವ ಪರಿಚ್ಛೇದದಲ್ಲೇ, ರಸಾಯನಕ್ಕೆ ಮುನ್ನ ಬರುತ್ತದೆ. ಏಳುವುದು, ಸ್ನಾನ, ಊಟ, ನಿದ್ರೆಗಳನ್ನು ಕ್ರಮಪಡಿಸುವ ಶಾಸ್ತ್ರವೇ ಗೃಹಸ್ಥನ ದಾಂಪತ್ಯವನ್ನೂ ಕ್ರಮಪಡಿಸುತ್ತದೆ. ಅಲ್ಲಿ ಹೇಳಿದ ಯೋಗಗಳಲ್ಲಿ ಬರುವ ವಸ್ತುಗಳು ನೆಲ್ಲಿಕಾಯಿ, ಶಾಲಿ ಅಕ್ಕಿ, ಹುರಿದ ಧಾನ್ಯದ ಹಿಟ್ಟು, ಗೋದಿ, ಅರಳಿ, ನೆಲಗುಂಬಳ, ಆಡಿನ ಹಾಲು ಮುಂತಾದವು. ಕೊನೆಗೆ ನಪುಂಸಕತ್ವದ ಕಾರಣ ಮತ್ತು ಚಿಕಿತ್ಸೆಯನ್ನು ಬೇರೆಯಾಗಿ ಹೇಳಲಾಗಿದೆ. ಹೆಚ್ಚಿನವು ಅಡುಗೆಮನೆಯ, ಹೊಲದ ಬದುವಿನ ಪದಾರ್ಥಗಳು. ಬೇಟೆಯ ಮೃಗವಾಗಲಿ ದುರ್ಲಭ ಪಕ್ಷಿಯಾಗಲಿ ಇಲ್ಲಿ ಬೇಕಿಲ್ಲ. ಅರಮನೆಯ ಭೋಗಕ್ಕೆ ಹತ್ತಿರವಾಗಿದ್ದ ವಿದ್ಯೆ ಹೀಗೆ ಒಕ್ಕಲಿನ ಮನೆಗೂ ಎಟಕುವಂತಾಯಿತು. ಕಾಮವನ್ನು ಹೆಚ್ಚಿಸುವುದಕ್ಕಿಂತ ಕುಂದಿದ ದೇಹವನ್ನು ಪೋಷಿಸುವುದು ಈ ಯೋಗಗಳ ದಿಕ್ಕು ಎಂದು ಕಾಣುತ್ತದೆ. ವ್ರತಕ್ಕೂ ವೈದ್ಯಕ್ಕೂ ಬಂದ ಇಕ್ಕಟ್ಟನ್ನು ಆಚಾರ್ಯರು ಬಿಡಿಸಿದ ಬಗೆ ಇದೇ ಎಂಬುದು ಈ ಲೇಖಕನ ಗ್ರಹಿಕೆ.

ಇದಕ್ಕೆ ಸಾಮಾಜಿಕ ಮುಖವೊಂದಿದೆ. ಮಕ್ಕಳಿಲ್ಲದ ಮನೆಯಲ್ಲಿ ಬಂಜೆ ಎಂಬ ಮಾತು ಹೆಂಗಸಿನ ಮೇಲೆ ಬೀಳುತ್ತದೆ. ಜನಪದ ಕಥೆ ಗೀತಗಳಲ್ಲಿ ಆ ಮಾತಿನ ಪೆಟ್ಟು ಬೇಕಾದಷ್ಟಿದೆ. ಗಂಡಸಿನ ಕೊರತೆಗೆ ಊರಮಾತಿನಲ್ಲಿ ಬೈಗುಳವಿದೆಯೇ ಹೊರತು ರೋಗದ ಹೆಸರಿಲ್ಲ. ಕಾರಣ ಮತ್ತು ಚಿಕಿತ್ಸೆ ಎಂಬ ಎರಡು ಮಾತುಗಳನ್ನು ನಪುಂಸಕತ್ವಕ್ಕೆ ಜೋಡಿಸಿದಾಗ ಶಾಸ್ತ್ರವು ಅದನ್ನು ಬೈಗುಳದಿಂದ ಬಿಡಿಸಿ ರೋಗವನ್ನಾಗಿ ಮಾಡುತ್ತದೆ. ರೋಗವಾದ ಮೇಲೆ ಗಂಡಸು ನಾಚಬೇಕಿಲ್ಲ, ಹೆಂಗಸು ಅವನ ಪಾಲಿನ ನಿಂದೆಯನ್ನು ಹೊರಬೇಕಿಲ್ಲ.

5

ಉಗ್ರಾದಿತ್ಯರ ಜೀವನದ ಅತಿ ದೊಡ್ಡ ಘಟನೆ ನೃಪತುಂಗನ ಸಭೆಯಲ್ಲಿ ನಡೆದುದು. ಇಪ್ಪತ್ತೈದು ಪರಿಚ್ಛೇದಗಳ ಗ್ರಂಥಕ್ಕೆ ಪರಿಶಿಷ್ಟವಾಗಿ ಸೇರಿರುವ ಹಿತಾಹಿತಾಧ್ಯಾಯವು ಆ ವಾದದ ಫಲ. ವಿದ್ವಾಂಸರೂ ವೈದ್ಯರೂ ನೆರೆದ ಸಭೆಯಲ್ಲಿ ಮಾಂಸಾಹಾರವು ದೇಹಕ್ಕೆ ಬಲಕರವೆಂಬ, ಔಷಧವಾಗಿ ಅವಶ್ಯವೆಂಬ ಪಕ್ಷವಿತ್ತು. ಅದನ್ನು ಎದುರಿಸಿ ಮಾಂಸವು ನಿಷ್ಫಲವೆಂದು ಆಚಾರ್ಯರು ವಾದಿಸಿದರು.

ಆ ಸಭೆ ಸಾಮಾನ್ಯದ್ದಲ್ಲ. ಕವಿರಾಜಮಾರ್ಗವು ರೂಪುಗೊಂಡುದು ನೃಪತುಂಗನ ಆಶ್ರಯದಲ್ಲಿ. ಜಯಧವಳಾ ಟೀಕೆಯನ್ನು 837ರಲ್ಲಿ ಮುಗಿಸಿದ ಜಿನಸೇನರು ಅವನ ಗೌರವಕ್ಕೆ ಪಾತ್ರರಾದವರು. ಶಾಕಟಾಯನನ ವ್ಯಾಕರಣದ ಅಮೋಘವೃತ್ತಿ, ಮಹಾವೀರಾಚಾರ್ಯನ ಗಣಿತಸಾರಸಂಗ್ರಹಗಳು ಅವನ ಹೆಸರಿನೊಡನೆ ಬೆಸೆದಿವೆ. ವ್ಯಾಕರಣ, ಗಣಿತ, ಅಲಂಕಾರ, ಸಿದ್ಧಾಂತಗಳ ಜೊತೆಗೆ ವೈದ್ಯವೂ ಅಲ್ಲಿ ತರ್ಕದ ಕಣಕ್ಕೆ ಇಳಿಯಿತೆಂಬುದು ಗಮನಿಸತಕ್ಕದ್ದು.

ಹಿತಾಹಿತದ ವಾದವನ್ನು ಧಾರ್ಮಿಕ ವಾದವೆಂದಷ್ಟೇ ಓದುವುದು ರೂಢಿ. ವೃಷ್ಯಾಧಿಕಾರವನ್ನು ಜೊತೆಗಿಟ್ಟು ಓದಿದರೆ ಅದರ ಇನ್ನೊಂದು ಮಗ್ಗುಲು ಕಾಣುತ್ತದೆ. ಮಾಂಸಕ್ಕೂ ಪುರುಷಬಲಕ್ಕೂ ನಂಟು ಕಟ್ಟಿದ ಕಾಲದಲ್ಲಿ, ಯುದ್ಧ ಬೇಟೆಗಳೇ ಗಂಡಸುತನವೆಂದು ತಿಳಿದ ಸಾಮಂತರ ನಡುವೆ, ಧಾನ್ಯ ಹಾಲು ಕಾಯಿಗಳಿಂದಲೇ ಆ ಬಲವನ್ನು ಕಾಯಬಹುದೆಂದು ಹೇಳಿದ ಗ್ರಂಥಕಾರನಿಗೆ ಸಭೆಯ ವಾದವು ತನ್ನ ಶಾಸ್ತ್ರದ ಉಳಿವಿನ ಪ್ರಶ್ನೆಯೂ ಆಗಿತ್ತು. ಮಾಂಸವಿಲ್ಲದ ವೈದ್ಯ ಅಪೂರ್ಣವೆಂದು ಸಭೆ ಒಪ್ಪಿದ್ದರೆ ಅವರ ಅಷ್ಟಾಂಗಗಳಲ್ಲಿ ಮೊದಲು ಕಳಚಿ ಬೀಳುತ್ತಿದ್ದುದು ವೃಷ್ಯವೇ.

ವೈದ್ಯನ ನಡತೆಯ ಬಗೆಗೂ ಆಚಾರ್ಯರು ಕಟ್ಟುನಿಟ್ಟು. ಕಾಮಕ್ಕಾಗಿ, ಮೋಹಕ್ಕಾಗಿ, ಹಣದ ಆಸೆಗಾಗಿ, ಸ್ನೇಹ ಬಂಧುತ್ವಗಳ ಒಲವಿಗಾಗಿ ಚಿಕಿತ್ಸೆ ಮಾಡಕೂಡದು. ಕರುಣೆಯಿಂದ ಮಾಡಬೇಕು ಎಂಬುದು ಅವರ ವಿಧಿ. ನಾಚಿಕೆಪಡುವ ರೋಗಿಯ ವಿಷಯದಲ್ಲಿ ಈ ವಿಧಿಗೆ ಹೆಚ್ಚಿನ ತೂಕವಿದೆ. ಅಂಥವನು ಬೆಲೆ ಕೇಳುವುದಿಲ್ಲ, ಮೋಸವಾದರೆ ಹೇಳಿಕೊಳ್ಳುವುದಿಲ್ಲ.

6

ಉಗ್ರಾದಿತ್ಯರ ನಂತರ ಈ ವಿದ್ಯೆ ಕನ್ನಡಕ್ಕೆ ಇಳಿಯಿತು. ಹನ್ನೊಂದನೆಯ ಶತಮಾನದಲ್ಲಿ ಚಂದ್ರರಾಜನು ಮದನತಿಲಕವನ್ನು ಬರೆದು ಕಾಮಶಾಸ್ತ್ರಕ್ಕೆ ಕನ್ನಡದಲ್ಲಿ ದಾರಿ ಮಾಡಿದನು. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ವೈದ್ಯವನ್ನು ಕನ್ನಡ ಓದುಗರಿಗೆ ಕೊಟ್ಟನು. ಸುಮಾರು 1360ರ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯವನ್ನು ವಿಸ್ತರಿಸಿತು. ಹದಿನಾರನೆಯ ಶತಮಾನದ ಸಾಳ್ವನು ವೈದ್ಯವನ್ನು ಸಾಂಗತ್ಯದಲ್ಲಿ ಹೇಳಿದನು. ಹೀಗೆ ಭೋಗದ ಶಾಸ್ತ್ರವೂ ರೋಗದ ಶಾಸ್ತ್ರವೂ ಬೇರೆ ಬೇರೆ ಹಾದಿಯಲ್ಲಿ ಕನ್ನಡದಲ್ಲಿ ಬೆಳೆದವು. ಉಗ್ರಾದಿತ್ಯರ ಗ್ರಂಥವು 1940ರಲ್ಲಿ ಸೋಲಾಪುರದ ಸಖಾರಾಮ ನೇಮಚಂದ ಗ್ರಂಥಮಾಲೆಯಿಂದ, ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದಿ ಅನುವಾದದೊಡನೆ ಅಚ್ಚಾಯಿತು.

ಈ ಪರಂಪರೆಯನ್ನು ಇಂದು ಹೊಗಳುವವರು ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಹಳೆಯ ಗ್ರಂಥದಲ್ಲಿ ಇದೆ ಎಂಬುದು ಔಷಧ ಫಲಿಸುತ್ತದೆ ಎಂಬುದಕ್ಕೆ ಪುರಾವೆಯಲ್ಲ. ನಿಮಿರುವಿಕೆಯ ದೋಷಕ್ಕೆ ಸಕ್ಕರೆಕಾಯಿಲೆ, ರಕ್ತದೊತ್ತಡ, ತಂಬಾಕು, ಮದ್ಯ, ಖಿನ್ನತೆ, ಕೆಲವು ಔಷಧಗಳು ಮುಖ್ಯ ಕಾರಣಗಳೆಂದು ಇಂದಿನ ವೈದ್ಯಕೀಯ ಹೇಳುತ್ತದೆ. ಎಷ್ಟೋ ಜನರಲ್ಲಿ ಅದು ಹೃದಯದ ರೋಗಕ್ಕೆ ಕೆಲವು ವರ್ಷ ಮುಂಚಿನ ಎಚ್ಚರಿಕೆ. ಅಶ್ವಗಂಧ, ನೆಗ್ಗಿಲುಗಳ ಮೇಲೆ ಪ್ರಯೋಗಗಳು ನಡೆದಿವೆ. ಅವು ಚಿಕ್ಕವು, ಫಲಿತಾಂಶಗಳು ಒಂದೇ ತೆರನಾಗಿಲ್ಲ. ಪಿಸುಮಾತಿನಲ್ಲಿ ಪುಡಿ ಕೊಂಡು ತೃಪ್ತನಾದವನು ರಕ್ತಪರೀಕ್ಷೆ ಮಾಡಿಸದೆ ಉಳಿದರೆ ಕಳೆದುಕೊಳ್ಳುವುದು ದಾಂಪತ್ಯಸುಖವನ್ನಷ್ಟೇ ಅಲ್ಲ.

ಎರಡನೆಯದು, ಬೇರಿನ ಪುಡಿ ಎಂದು ಮಾರುವುದೆಲ್ಲ ಬೇರಿನ ಪುಡಿಯಲ್ಲ. 1998ರಲ್ಲಿ ಸಿಲ್ಡೆನಾಫಿಲ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂದ ಮೇಲೆ, ಗಿಡಮೂಲಿಕೆಯ ಹೆಸರಿನ ಚೂರ್ಣ ಗುಳಿಗೆಗಳಲ್ಲಿ ಅದನ್ನು ಗುಟ್ಟಾಗಿ ಬೆರೆಸಿರುವುದು ಹಲವು ದೇಶಗಳ ಔಷಧ ನಿಯಂತ್ರಕರಿಗೆ ಮತ್ತೆ ಮತ್ತೆ ಸಿಕ್ಕಿದೆ. ಎದೆನೋವಿಗೆ ನೈಟ್ರೇಟ್ ಗುಳಿಗೆ ನುಂಗುವವನು ತಿಳಿಯದೆ ಇಂಥದನ್ನು ಸೇವಿಸಿದರೆ ರಕ್ತದೊತ್ತಡ ಒಮ್ಮೆಗೇ ಕುಸಿದು ಪ್ರಾಣಕ್ಕೇ ಅಪಾಯ. ಭಸ್ಮ, ಸಿಂಧೂರಗಳ ವಿಷಯದಲ್ಲೂ ಎಚ್ಚರ ಬೇಕು. ಉಗ್ರಾದಿತ್ಯರು ರಸತಂತ್ರವನ್ನೂ ಬರೆದವರು; ಆ ಭಾಗವನ್ನು ಓದಿ ಪಾದರಸವನ್ನು ಮನೆಯಲ್ಲಿ ಪ್ರಯೋಗಿಸುವಂತಿಲ್ಲ. ಅಮೆರಿಕದ ಬಾಸ್ಟನ್ ನಗರದ ಅಂಗಡಿಗಳಲ್ಲಿ ದೊರೆತ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದುದು 2004ರಲ್ಲಿ ಪ್ರಕಟವಾಯಿತು. ಲೈಂಗಿಕ ಶಕ್ತಿಯನ್ನು ಹೆಚ್ಚಿಸುವುದಾಗಿ ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯೇ ನಿಷೇಧಿಸಿದೆ. ಆದರೂ ಗೋಡೆಗಳ ಮೇಲಿನ ಬರಹಗಳು ಅಳಿದಿಲ್ಲ.

7

ಉಗ್ರಾದಿತ್ಯರ ಯೋಗಗಳನ್ನು ಇಂದು ರೋಗಿಗೆ ಕೊಡಬಹುದೇ ಎಂಬುದು ವೈದ್ಯರು ಪರೀಕ್ಷಿಸಿ ಹೇಳಬೇಕಾದ ಮಾತು. ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಬೇರೆ. ಕಾಮವನ್ನು ತೊರೆದ ಮುನಿ, ಕಾಮದಲ್ಲಿ ಸೋತ ಗೃಹಸ್ಥನ ದುಃಖವನ್ನು ಹೀನವೆಂದು ತಳ್ಳಲಿಲ್ಲ. ತನ್ನ ವ್ರತವನ್ನು ಸಡಿಲಿಸಲೂ ಇಲ್ಲ. ರೋಗಕ್ಕೆ ಹೆಸರಿಟ್ಟರು, ಕಾರಣ ಹೇಳಿದರು, ಮನೆಯಲ್ಲಿ ಸಿಗುವ ಪಥ್ಯವನ್ನು ಸೂಚಿಸಿದರು, ವೈದ್ಯನಿಗೆ ಲೋಭ ಕೂಡದೆಂದರು, ತಮ್ಮ ಮಾತನ್ನು ಅರಸನ ಸಭೆಯಲ್ಲಿ ಬಹಿರಂಗವಾಗಿ ಸಮರ್ಥಿಸಿಕೊಂಡರು. ಅಲ್ಲಿ ಪಿಸುಮಾತಿಗೆ ಎಡೆಯಿರಲಿಲ್ಲ.

ನಮ್ಮ ತರಗತಿಗಳಲ್ಲಿ ಕನ್ನಡ ಶಾಸ್ತ್ರಸಾಹಿತ್ಯವನ್ನು ಪಾಠ ಹೇಳುವಾಗ ಮದನತಿಲಕದಂಥ ಹೆಸರುಗಳನ್ನು ಬೇಗನೆ ದಾಟಿಹೋಗುವುದು, ವೃಷ್ಯದ ಮಾತು ಬಂದರೆ ಪುಟ ತಿರುವುವುದು ಅಭ್ಯಾಸವಾಗಿದೆ. ಹನ್ನೊಂದು ಶತಮಾನಗಳ ಹಿಂದೆ ಮಾನ್ಯಖೇಟದಲ್ಲಿ ಸಂಕೋಚವಿಲ್ಲದೆ ಆಡಿದ ಶಾಸ್ತ್ರದ ಮಾತನ್ನು ನಾವು ಸಂಕೋಚದಿಂದ ನುಂಗಿದರೆ ಆ ಜಾಗವನ್ನು ಗೋಡೆಬರಹದವನು ತುಂಬುತ್ತಾನೆ. ಸಿಂಹನಾದ ಮುನೀಂದ್ರರ ವೃಷ್ಯತಂತ್ರ ಲುಪ್ತವಾಗಿದೆ. ಅದರ ನೆನಪನ್ನು ಉಳಿಸಿದ ಉಗ್ರಾದಿತ್ಯರ ಗ್ರಂಥ ನಮ್ಮ ಕೈಯಲ್ಲಿದೆ. ಸೋಮನಾಥ, ಸಾಳ್ವರ ಕನ್ನಡ ಕೃತಿಗಳ ವೃಷ್ಯಭಾಗಗಳನ್ನು ಅದರೊಡನೆ ಸಾಲುಸಾಲಾಗಿ ಹೋಲಿಸಿ ನೋಡುವುದು, ಅಲ್ಲಿಯ ಸಸ್ಯನಾಮಗಳನ್ನು ಕೃಷ್ಣಾತೀರದ ಒಕ್ಕಲಿಗರ ಬಾಯಲ್ಲಿರುವ ಹೆಸರುಗಳೊಡನೆ ತಾಳೆ ಹಾಕುವುದು ಕನ್ನಡ ಸಂಶೋಧಕರು ಮಾಡಬೇಕಾದ ಕೆಲಸವಾಗಿದೆ.